ನಡುವಿನ ಹನ್ನೆರಡು ವರ್ಷ

ಹೆಣ್ಣು ನೋಡುವ ಶಾಸ್ತ್ರಕ್ಕೂ ಸಾಫ್ಟ್‌ವೇರ್ ಕಂಪೆನಿಯ ಸಂದರ್ಶನಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ ಎಂಬುದು ಎರಡನ್ನೂ ಅನುಭವಿಸಿದ ನನ್ನ ಅಭಿಪ್ರಾಯ. ಎರಡರಲ್ಲೂ ಬಂದವರು ಕೇಳಬೇಕಾದ್ದನ್ನು ಕೇಳಿ, ಕೇಳಬಾರದ್ದನ್ನೂ ಕೇಳಿ, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಎದ್ದು ಹೋಗುತ್ತಾರೆ.

ನನ್ನ ಮೊದಲ ಸಂದರ್ಶನ ನಡೆದದ್ದು 1999ರಲ್ಲಿ. 2000ನೇ ಇಸವಿ ಬಂದೊಡನೆ ಕಂಪ್ಯೂಟರುಗಳು ಕೊನೆಯ ಎರಡು ಸೊನ್ನೆ ನೋಡಿ 1900 ಎಂದು ತಿಳಿದುಬಿಡುತ್ತವೆ ಎಂಬ ಭಯ ಲೋಕಕ್ಕೆಲ್ಲ ಹಬ್ಬಿ, ಹಳೆಯ ಪ್ರೋಗ್ರಾಮು ತಿದ್ದುವವರಿಗೆ ಬೇಡಿಕೆ ಇದ್ದ ಕಾಲ. ಅಪ್ಪನ ಜೊತೆ ಶಿವಮೊಗ್ಗದಿಂದ ರಾತ್ರಿ ಬಸ್ಸು ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದು ಹೋದೆ. ಸಿ ಭಾಷೆಯ ಬಗ್ಗೆ ಕೇಳಿದ್ದನ್ನೆಲ್ಲ ಹಾಳೆಯ ಮೇಲೆ ಬರೆದು ತೋರಿಸಿದೆ. ಕೊನೆಗೆ ಹಿರಿಯರೊಬ್ಬರು, "ಮದುವೆ ಆದ್ಮೇಲೆ ಕೆಲಸ ಬಿಡ್ತೀರೇನಮ್ಮಾ?" ಎಂದರು. "ಖಂಡಿತ ಇಲ್ಲ ಸಾರ್" ಎಂದೆ. ಕೆಲಸ ಸಿಕ್ಕಿತು.

ಮಾತು ಉಳಿಯಲಿಲ್ಲ. 2010ರಲ್ಲಿ ಮಗಳಿಗೆ ಮೂರು ವರ್ಷ. ಊರಿನಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ರಾಜೀನಾಮೆ ಬರೆದುಕೊಟ್ಟು ಶಿವಮೊಗ್ಗಕ್ಕೆ ಬಂದೆ. ಕೆಲಸ ಬಿಡು ಎಂದು ನನಗೆ ಯಾರೂ ಹೇಳಲಿಲ್ಲ. ಬಿಡಬೇಡ ಎಂದೂ ಯಾರೂ ಹೇಳಲಿಲ್ಲ.

ಅತ್ತೆ ಹೋದ ಮರುವರ್ಷ, 2022ರಲ್ಲಿ, ಮಗಳು ಒಂದು ದಿನ "ಅಮ್ಮಾ, ನೀನೂ ಕೋಡ್ ಬರೀತಿದ್ಯಂತೆ, ಹೌದಾ?" ಎಂದಳು. ಸತ್ತವರ ವಿಚಾರ ಕೇಳುವ ದನಿಯಿತ್ತು ಅದರಲ್ಲಿ. ಅಂದಿನಿಂದ ಆರು ತಿಂಗಳು, ಮನೆಯವರೆಲ್ಲ ಮಲಗಿದ ಮೇಲೆ ಓದಿದೆ. ಅರ್ಜಿ ಹಾಕಿದೆ. ಎರಡು ಕಡೆಯಿಂದ ಉತ್ತರವೇ ಇಲ್ಲ. ಮೂರನೆಯವರು ಕರೆದರು. ಕೊರೋನಾ ಬಂದ ಮೇಲೆ ಸಂದರ್ಶನವೂ ಮನೆಗೇ ಬರುತ್ತದಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ.

ಪರದೆಯ ಮೇಲೆ ಬಂದ ಹುಡುಗ, ನಾನು ಮೊದಲ ಸಂಬಳ ತಂದಾಗ ಶಿಶುವಿಹಾರದಲ್ಲಿದ್ದಿರಬೇಕು. ಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಒಂದು ಸಂಖ್ಯೆ ಹುಡುಕಿ ಎಂದ. ನಾವು ನಿಘಂಟಿನಲ್ಲಿ ಪದ ಹುಡುಕುವುದಿಲ್ಲವೇ, ಹಾಗೆಯೇ. ನಡುವೆ ತೆರೆಯಬೇಕು, ಬೇಡದ ಅರ್ಧ ಬಿಡಬೇಕು, ಉಳಿದರ್ಧದ ನಡುವೆ ಮತ್ತೆ ತೆರೆಯಬೇಕು. ಸಾವಿರ ಪುಟಕ್ಕೆ 10 ಸಲ ಸಾಕು. 10 ಲಕ್ಷವಾದರೂ 20 ಸಲ. ಸಲೀಸಾಗಿ ಬರೆದೆ.

"ಪಟ್ಟಿ ತುಂಬಾ ತುಂಬಾ ದೊಡ್ಡದಾದ್ರೆ, ಮೇಡಂ?"

ಕೈ ತಣ್ಣಗಾಯಿತು. ಒಳಗೆ ಕುಕ್ಕರು ಕೂಗಿತು. ನಡು ಕಂಡುಹಿಡಿಯಲು ಎರಡು ತುದಿಗಳನ್ನೂ ಕೂಡಿಸಿ ಅರ್ಧ ಮಾಡಿದ್ದೆ. ಆ ಮೊತ್ತ ಅದಕ್ಕಿಟ್ಟ ಜಾಗದಲ್ಲಿ ಹಿಡಿಸದಿದ್ದರೆ, ಸಣ್ಣ ಪಾತ್ರೆಯ ಹಾಲಿನ ಹಾಗೆ ಉಕ್ಕಿ ಲೆಕ್ಕವೇ ಕೆಡುತ್ತದೆ. ಎರಡನೆಯ ಕೂಗಿಗೆ ಹೊಳೆಯಿತು: ಅಂತರದ ಅರ್ಧವನ್ನು ಮೊದಲ ತುದಿಗೆ ಸೇರಿಸಿದರಾಯಿತು. ತಿದ್ದಿದೆ. ಹುಡುಗ ನಕ್ಕ. ಇದೇ ತಪ್ಪು ಜಾವಾ ಭಾಷೆಯ ಜೊತೆ ಬರುವ ಪ್ರೋಗ್ರಾಮಿನಲ್ಲೇ ಸುಮಾರು 9 ವರ್ಷ ಇತ್ತಂತೆ. ಅದನ್ನು ಬರೆದ ಜೋಶುವಾ ಬ್ಲಾಕ್ 2006ರಲ್ಲಿ ತಾವೇ ಒಪ್ಪಿಕೊಂಡರಂತೆ. ಒಂಬತ್ತು ವರ್ಷ ತಪ್ಪಿದ್ದರೂ ಜಾವಾವನ್ನು ಯಾರೂ ಮನೆಗೆ ಕಳಿಸಲಿಲ್ಲ ಎಂದುಕೊಂಡು ಸಮಾಧಾನಪಟ್ಟೆ.

"ನಡುವೆ 12 ವರ್ಷ ಏನು ಮಾಡ್ತಿದ್ರಿ?"

ಇದಕ್ಕೆ ಗೆಳತಿ ಉತ್ತರ ಹೇಳಿಕೊಟ್ಟಿದ್ದಳು: ಮನೆ ನಡೆಸಿದ್ದನ್ನೇ "ಟೈಂ ಮ್ಯಾನೇಜ್‌ಮೆಂಟ್" ಎನ್ನು, ಮೆಚ್ಚುತ್ತಾರೆ. ನಾಲಗೆಯ ತುದಿಗೂ ಬಂತು. ಆದರೆ ಬೆನ್ನು ಹುಣ್ಣಾಗದಂತೆ ಅತ್ತೆಯನ್ನು ಮಗ್ಗುಲು ಹೊರಳಿಸಿದ್ದು, ಚಮಚದಲ್ಲಿ ಗಂಜಿ ಕುಡಿಸಿದ್ದು ಕಣ್ಣ ಮುಂದೆ ನಿಂತಿತು. ಅದಕ್ಕೆ ಹೊಸ ಹೆಸರಿಟ್ಟು ಮಾರಲು ಮನಸ್ಸಾಗಲಿಲ್ಲ. "ಮಗಳನ್ನ ಬೆಳೆಸಿದೆ, ಅತ್ತೆಯನ್ನ ನೋಡಿಕೊಂಡೆ. ಕೋಡ್ ಬರೀಲಿಲ್ಲ. ಈಗ ಆರು ತಿಂಗಳಿಂದ ಬರೀತಿದ್ದೇನೆ" ಎಂದೆ. ಅವನು ತಲೆಯಾಡಿಸಿ, "ತಿಳಿಸ್ತೀವಿ ಮೇಡಂ" ಎಂದ. ಅದೇ, ಊರಿಗೆ ಹೋಗಿ ಕಾಗದ.

ಕುಕ್ಕರಿನ ಕೂಗು ಎಣಿಸುವವರಿಲ್ಲದೆ ಅನ್ನ ಮುದ್ದೆಯಾಗಿತ್ತು. ಮೂವರೂ ಮಾತಿಲ್ಲದೆ ಉಂಡೆವು.

ಒಂಬತ್ತನೆಯ ದಿನ ಕಾಗದ ಬಂತು. ಎರಡು ವರ್ಷ ಅನುಭವದವರಿಗೆ ಕೊಡುವ ಹುದ್ದೆ, ಸಂಬಳ. ಇವರು "ಕಡಿಮೆಯಾಯ್ತಲ್ಲ" ಎಂದರು. ಆಯಿತು, ನಿಜ. ಆದರೂ ಒಪ್ಪಿಕೊಂಡೆ.

ನಾಳೆ ಮಗಳೂ ಹೀಗೆ ಎಲ್ಲೋ ಕೂರುತ್ತಾಳೆ. "ಕೆಲಸ ಬಿಡ್ತೀರಾ?" ಎಂದು ನನ್ನನ್ನು ಕೇಳಿದವರಿದ್ದರು. ಬಿಡದೆ ಇರಬೇಕಾದರೆ ನಿಮಗೇನು ಬೇಕು ಎಂದು ಆಫೀಸಿನಲ್ಲೂ ಕೇಳಲಿಲ್ಲ, ಮನೆಯಲ್ಲೂ ಕೇಳಲಿಲ್ಲ. ಅವಳನ್ನು ಯಾರು ಕೇಳುತ್ತಾರೋ ಇಲ್ಲವೋ, ಮನೆಯಲ್ಲಂತೂ ನಾನು ಕೇಳುತ್ತೇನೆ.