ಬೆನ್ನಿಗೆ ಕಟ್ಟಿದ ಡಬ್ಬಿ

ಮೊನ್ನೆ ರಾತ್ರಿ ಊಟಕ್ಕ ಕೂತಾಗ ನಮ್ಮ ಹನ್ನೊಂದು ವರ್ಷದ ಮಗಳು ಮೊಬೈಲ್ ಮುಂದ ಹಿಡದ್ಲು. "ಪಪ್ಪಾ, ಮುಂದಿನ ತಿಂಗಳ ಕಾಂಪಿಟಿಷನ್ನಿಗೆ ನಂಗ ಈ ಸ್ವಿಮ್ ಸೂಟ್ ಬೇಕು. ಹಾಕ್ಕೊಂಡ್ರ ಫಾಸ್ಟ್ ಹೋಗ್ತಾರಂತ." ರೇಟ್ ನೋಡಿದ ನಮ್ಮ ಮನಿಯಾಕಿ, "ಇಷ್ಟರಾಗ ತಿಂಗಳ ಕಿರಾಣಿ ಬರ್ತದಲ್ರೀ" ಅಂದ್ಲು.

ನಾ ಈಸು ಕಲತದ್ದು ಊರ ಬಾವ್ಯಾಗ, ಬೆನ್ನಿಗೆ ಖಾಲಿ ಎಣ್ಣಿ ಡಬ್ಬಿ ಕಟಗೊಂಡು. ಆದ್ರ ಪಂದ್ಯಾ ಹಚ್ಚಿದಾಗ ಡಬ್ಬಿ ಕಟಗೊಂಡಾಂವ ಗೆದ್ರ ಯಾರೂ ಲೆಕ್ಕಕ್ಕ ಹಿಡೀತಿದ್ದಿಲ್ಲ.

ಮಗಳಿಗೆ ಅದನ್ನ ಹೇಳಿ, ದೊಡ್ಡವರ ಡಬ್ಬಿ ಕತಿನೂ ಹೇಳಿದೆ. 2008ರಾಗ ಸ್ಪೀಡೊ ಕಂಪನಿ ಎಲ್‌ಝಡ್‌ಆರ್ ರೇಸರ್ ಅನ್ನೋ ಸೂಟ್ ತಂತು. ಅದರ ಬಟ್ಟಿ ಪರೀಕ್ಷಾ ನಾಸಾದ ಗಾಳಿ ಸುರಂಗದಾಗ ಆಗಿತ್ತು. ದಾರದ ಹೊಲಿಗಿ ಇಲ್ಲ, ಬೆಸುಗಿ. ಮೈ ಬಿಗಿಹಿಡಿಯೋ ಪಾಲಿಯುರೆಥೇನ್ ಪಟ್ಟಿ. ಮರುವರ್ಷ ಬ್ಯಾರೆ ಕಂಪನಿಯವರು ಪೂರಾ ಪಾಲಿಯುರೆಥೇನ್ ಸೂಟ್ ತಂದ್ರು. ಈಸೋವ್ರನ್ನ ನೀರಿನಾಗ ಚೂರು ಮ್ಯಾಲೆ ಎತ್ತಿ ಹಿಡೀತಿತ್ತು. ನಮ್ಮ ಡಬ್ಬಿನ, ರೂಪ ಬ್ಯಾರೆ.

2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್ಪಿನಾಗ 43 ವಿಶ್ವ ದಾಖಲೆ ಆದ್ವು. ಬೀಜಿಂಗ್ ಒಲಿಂಪಿಕ್ಸಿನಾಗ 8 ಚಿನ್ನ ಗೆದ್ದ ಮೈಕೆಲ್ ಫೆಲ್ಪ್ಸ್, ಹಿಂದಿನ ವರ್ಷದ ಎಲ್‌ಝಡ್‌ಆರ್ ಹಾಕ್ಕೊಂಡು 200 ಮೀಟರ್ ಫ್ರೀಸ್ಟೈಲಿನಾಗ ಜರ್ಮನಿಯ ಪಾಲ್ ಬೀಡರ್‌ಮನ್ ಮುಂದ ಸೋತ. ಗೆದ್ದಾಂವನ ಟೈಮು 1 ನಿಮಿಷ 42.00 ಸೆಕೆಂಡ್, ಮೈಮ್ಯಾಲೆ ಹೊಸಾ ಸೂಟ್. ಅದರಿಂದ ಫಾಯದೆ ಆಗ್ಯದ ಅಂತ ಅಂವನ ಒಪಗೊಂಡ. 2010ರ ಜನವರಿ 1ರಿಂದ ಅಂಥಾ ಸೂಟ್ ಬಂದ್. ಗಂಡಸರಿಗೆ ಸೊಂಟದಿಂದ, ಹೆಂಗಸರಿಗೆ ಹೆಗಲಿಂದ, ಮೊಣಕಾಲ ತನಕ ಅಷ್ಟ. ಅದೂ ಬರೇ ಬಟ್ಟಿದು. ದಾಖಲೆ ಮಾತ್ರ ಅಳಿಸಲಿಲ್ಲ.

"ಹಂಗಂದ್ರ ಆ ರೆಕಾರ್ಡ್ ಯಾರದು ಪಪ್ಪಾ? ಅಂವಂದೋ, ಅರಬಿದೋ?"

ನಂಗ ಉತ್ತರ ಹೊಳೀಲಿಲ್ಲ. ಅಂವ ಅವತ್ತಿನ ನಿಯಮ ಏನೂ ಮುರದಿದ್ದಿಲ್ಲ. ಮೈ ದಂಡಿಸಿದ್ದೂ ಖರೇನ.

ಅಷ್ಟರಾಗ ಮನಿಯಾಕಿ ಕೇಳಿದ್ಲು, "ಈಗಿನ ಸೂಟ್ ನಿಯಮದ ಪ್ರಕಾರನ ಇರ್ತಾವಲ್ಲಾ? ಬಾಜೂ ಹುಡುಗಿ ಹಾಕ್ಕೊಂಡು ಬಂದ್ರ ನಮ್ಮಾಕಿ ಗತಿ?"

ಅಲ್ಲೇ ನಾ ಸಿಕ್ಕೊಂಡೆ. ಅಮೆರಿಕಾದಾಗ 12 ವರ್ಷದೊಳಗಿನ ಮಕ್ಕಳಿಗೆ 2020ರಿಂದ ಇಂಥಾ ತುಟ್ಟಿ ಸೂಟಿಗೆ ನಿರ್ಬಂಧ ಹಾಕ್ಯಾರ. ಇಲ್ಲಿ ಆ ನಿಯಮ ಅಪ್ಪನ ಮಾಡಬೇಕು. "ಈ ವರ್ಷ ಹಳೇದರಾಗನ ಈಸು. ಎಷ್ಟು ಸೆಕೆಂಡ್ ಇಳಸ್ತೀಯೋ ಅಷ್ಟೂ ನಿಂದ" ಅಂದೆ.

ಮುಂಜಾನೆ ಹಗ್ಗದ ಮ್ಯಾಲಿನ ಹಳೇ ಸೂಟ್ ಬ್ಯಾಗಿಗೆ ತುರುಕಿ, ಮಾತಾಡದ ಹೋದ್ಲು. ನಾ ಹೇಳಿದ್ದು ನ್ಯಾಯನೋ ಜಿಪುಣತನಾನೋ, ಇನ್ನೂ ಲೆಕ್ಕಾ ಹಾಕ್ಲಿಕ್ಕೆ ಹತ್ತೇನಿ.