ಅಕ್ಕ ಮನೆಗೆ ಬಂದ ದಿನ

ಹೋದ ವರ್ಷ ನಾನು ಮಂಗಳೂರಿನ ಅಜ್ಜಿಮನೆಯ ಬಗ್ಗೆ ಬರೆದಿದ್ದೆ. ಈ ಸಲ ಅದೇ ಅಜ್ಜಿ ಫೋನಿನಲ್ಲಿ ಹೇಳಿದ ಒಂದು ಕಥೆಯ ಬಗ್ಗೆ ಬರೀತೇನೆ. ಅಕ್ಕನ ವಿಷಯವೂ ಇದರಲ್ಲಿ ಬರುತ್ತದೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆದರಬೇಡಿ.

ಅಕ್ಕ ಕಾಲೇಜಿಗೆ ಹೋದ ಮೇಲೆ ಫೋನ್ ಮಾಡುವುದನ್ನೇ ನಿಲ್ಲಿಸಿದಳು. ಡಿಸೆಂಬರಿನಲ್ಲಿ ಗೊತ್ತಾಯಿತು: ಕ್ಲಾಸಿಗೆ ಹೋಗಿಲ್ಲ, ಸೆಮಿಸ್ಟರ್ ಫೇಲ್, ಫೀಸಿಗೆ ಅಂತ ಕೊಟ್ಟ ದುಡ್ಡೂ ಖರ್ಚು. ಅಪ್ಪ ಜೋರಾಗಿ ಬೈತಾರೆ ಅಂದುಕೊಂಡಿದ್ದೆ. ಅವರು ಕಾರಿನ ಕೀ ತೆಗೆದುಕೊಂಡು ಹಿಮದಲ್ಲೇ ಹೊರಟುಬಿಟ್ಟರು. ಮಾರನೇ ದಿನ ಅಕ್ಕನನ್ನು ಕರೆದುಕೊಂಡು ಬಂದರು. ಅಮ್ಮ ಕೋರಿ ರೊಟ್ಟಿ ಮಾಡಿದ್ದರು! ನನಗೆ ಎಲ್ಲ ಎ ಗ್ರೇಡ್ ಬಂದಾಗ ಬರೀ ಪಿಜ್ಜಾ ತರಿಸಿದ್ದರು. ನಾನು ಊಟಕ್ಕೆ ಹೋಗದೆ ಮೆಟ್ಟಿಲ ಮೇಲೆ ಕೂತೆ.

ಅಪ್ಪ ಊಟ ಬಿಟ್ಟು ಬಂದು ಪಕ್ಕದಲ್ಲಿ ಕೂತರು. "ನಿಮ್ಮ ಮಗಳಿಗೆ ಏನೂ ಹೇಳಲ್ವಾ?" ಅಂತ ಕೇಳಿದೆ. "ನಿನ್ನ ಅಕ್ಕ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ" ಅಂದರು, ಅಷ್ಟೇ.

ಭಾನುವಾರ ಅಜ್ಜಿಗೆ ದೂರು ಕೊಟ್ಟೆ. ಅಜ್ಜಿ ಬಾಸೆಲ್ ಮಿಷನ್ ಕಾಲದ ಸಭೆಯವರು. 1843ರಲ್ಲಿ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ತಂದರಲ್ಲ, ಅದೇ ಮಿಷನ್. ಅವರು ಕನ್ನಡಕ ಹಾಕಿಕೊಂಡು ಕನ್ನಡ ಬೈಬಲ್ ತೆಗೆದು ಲೂಕನ ಸುವಾರ್ತೆಯ 15ನೇ ಅಧ್ಯಾಯ ಓದಿದರು. ದುಂದುಗಾರ ಮಗನ ಕಥೆ. ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗೆ ಹೇಳ್ತೇನೆ.

ಪಾಪಿಗಳ ಜೊತೆ ಕೂತು ಊಟ ಮಾಡುತ್ತಾನೆ ಅಂತ ಕೆಲವರು ಯೇಸುವಿನ ಮೇಲೆ ಗೊಣಗಿದರಂತೆ. ಆಗ ಆತ ಹೇಳಿದ ಕಥೆಗಳಲ್ಲಿ ಇದೂ ಒಂದು. ಒಬ್ಬ ತಂದೆಗೆ ಇಬ್ಬರು ಮಕ್ಕಳು. ಚಿಕ್ಕವನು ಅಪ್ಪ ಬದುಕಿರುವಾಗಲೇ ತನ್ನ ಪಾಲು ಕೇಳಿ ತೆಗೆದುಕೊಂಡು ದೂರದೇಶಕ್ಕೆ ಹೋಗಿ ಎಲ್ಲ ಹಾಳುಮಾಡುತ್ತಾನೆ. ಕೊನೆಗೆ ಹಂದಿ ಮೇಯಿಸುವ ಕೆಲಸ. ಯೆಹೂದ್ಯರಿಗೆ ಹಂದಿ ಅಶುದ್ಧ, ಅದಕ್ಕಿಂತ ಕೆಳಗೆ ಬೀಳಲು ಜಾಗವೇ ಇಲ್ಲ. ಹಸಿವು ತಾಳದೆ ವಾಪಸ್ ಹೊರಡುತ್ತಾನೆ. ನಾನು ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವನಾಗಿ ಇಟ್ಟುಕೋ ಅಂತ ಹೇಳಬೇಕೆಂದು ಮಾತು ಸಿದ್ಧಮಾಡಿಕೊಂಡಿರುತ್ತಾನೆ. ಆದರೆ ತಂದೆ ದೂರದಿಂದಲೇ ನೋಡಿ, ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಕೂಲಿಯ ಮಾತು ಬಾಯಿಗೆ ಬರುವ ಮೊದಲೇ ಅಂಗಿ, ಉಂಗುರ, ಚಪ್ಪಲಿ, ಹಬ್ಬದೂಟ!

"ಓಡುವ ತಂದೆಯೇ ನಮ್ಮ ದೇವರು" ಅಂದರು ಅಜ್ಜಿ. "ಮಗ ಮಗನಾಗಿರುವುದನ್ನು ಬಿಟ್ಟರೂ ಅವನು ತಂದೆಯಾಗಿರುವುದನ್ನು ಬಿಡುವುದಿಲ್ಲ."

ನನಗೆ ಅದು ಇಷ್ಟವಾಗಲಿಲ್ಲ. ಮನೆಯಲ್ಲೇ ದುಡಿದ ದೊಡ್ಡ ಮಗನ ಗತಿ? ಅವನೂ ಸಿಟ್ಟಿನಿಂದ ಒಳಗೆ ಬರುವುದಿಲ್ಲವಂತೆ. ನನಗೆ ಒಂದು ಆಡಿನ ಮರಿಯನ್ನೂ ಕೊಟ್ಟಿಲ್ಲ ಅನ್ನುತ್ತಾನೆ. (ನನ್ನ ಪಿಜ್ಜಾ!) ತಮ್ಮ ಅನ್ನದೆ 'ನಿನ್ನ ಮಗ' ಅನ್ನುತ್ತಾನೆ. ತಂದೆ ಹಬ್ಬ ಬಿಟ್ಟು ಹೊರಗೆ ಬಂದು ಅವನನ್ನೂ ಬೇಡಿಕೊಳ್ಳುತ್ತಾನೆ, 'ನಿನ್ನ ತಮ್ಮ' ಅಂತ ತಿದ್ದಿ ಹೇಳುತ್ತಾನೆ. ಇದನ್ನು ಕೇಳಿದಾಗ ನನಗೆ ಮೆಟ್ಟಿಲು ನೆನಪಾಗಿ ಮುಖ ಬಿಸಿಯಾಯಿತು. ಮನೆಯಲ್ಲಿ ನಾನೇ ಚಿಕ್ಕವಳು, ಆದರೆ ಕಥೆಯಲ್ಲಿ ನಾನು ದೊಡ್ಡವನು.

"ಆಮೇಲೆ ಅವನು ಒಳಗೆ ಹೋದನಾ?" ಅಂತ ಕೇಳಿದೆ.

"ಬರೆದಿಲ್ಲ ಮಗಾ. ಕಥೆ ಅಲ್ಲಿಗೇ ನಿಲ್ಲುತ್ತದೆ" ಅಂದರು ಅಜ್ಜಿ.

ನಿಜ ಹೇಳಬೇಕಂದರೆ ನನ್ನ ಸಿಟ್ಟು ಅವತ್ತೇ ಹೋಗಲಿಲ್ಲ. ಅಕ್ಕ ಈಗ ಊರಿನ ಕಾಲೇಜಿಗೆ ಹೋಗುತ್ತಾಳೆ, ಅಂಗಡಿಯಲ್ಲಿ ದುಡಿದು ಸ್ವಲ್ಪ ಸ್ವಲ್ಪ ದುಡ್ಡು ವಾಪಸ್ ಕೊಡುತ್ತಿದ್ದಾಳೆ. ಒಂದು ರಾತ್ರಿ ಪಾತ್ರೆ ತೊಳೆಯುವಾಗ ಹೇಳಿದಳು: ಆ ದಿನ ಕಾರಿನಲ್ಲಿ ಅಪ್ಪನಿಗೆ ಓದಿ ಹೇಳಲು ಫೋನಿನಲ್ಲಿ ಉದ್ದದ ಸಾರಿ ಬರೆದಿಟ್ಟುಕೊಂಡಿದ್ದಳಂತೆ. ಎರಡು ಸಾಲು ಓದುವಷ್ಟರಲ್ಲಿ ಅಪ್ಪ ಹೀಟರ್ ಜಾಸ್ತಿ ಮಾಡಿ, "ಹಸಿವಾಗ್ತಿದೆಯಾ?" ಅಂತ ಕೇಳಿದರಂತೆ.

ನಾನು ಒಂದು ಬಟ್ಟೆ ತೆಗೆದುಕೊಂಡು ಅವಳು ತೊಳೆದ ತಟ್ಟೆಗಳನ್ನು ಒರೆಸತೊಡಗಿದೆ.