ಮಾರಾಟಕ್ಕೆ ನಿಂತ ಊರು

ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಒಂದು ತೈಲ ಕಂಪನಿಗೆ ಸ್ಕಾಟ್ಲೆಂಡಿನ ಕಡಲ ದಂಡೆಯ ಊರೊಂದು ಬೇಕಾಗಿದೆ. ಮನೆ, ಚರ್ಚು, ಬಂದರು, ಮರಳ ದಂಡೆ ಎಲ್ಲವನ್ನೂ ಕೊಂಡು ಅಲ್ಲಿ ರಿಫೈನರಿ ಕಟ್ಟಬೇಕು. ಮಾತುಕತೆಗೆ ಆರಿಸಿ ಕಳಿಸುವುದು ಮ್ಯಾಕಿಂಟೈರ್ ಎಂಬ ಯುವಕನನ್ನು. ಹೆಸರು ಸ್ಕಾಟಿಷ್ ಆಗಿದೆ, ಹೋದಲ್ಲಿ ನೆಂಟನಂತೆ ಹೊಂದಿಕೊಂಡಾನು ಎಂಬ ಲೆಕ್ಕ. ಅವನ ಮನೆತನವೋ ಹಂಗೆರಿಯದು. ವಲಸೆ ಬಂದ ಹಿರಿಯರು ಇದೇ ಅಮೆರಿಕದ ಹೆಸರೆಂದು ನಂಬಿ ಇಟ್ಟುಕೊಂಡದ್ದು. ಬಿಲ್ ಫೋರ್ಸಿತ್ ಬರೆದು ನಿರ್ದೇಶಿಸಿದ ‘ಲೋಕಲ್ ಹೀರೋ’ (1983) ಶುರುವಾಗುವುದು ಹೀಗೆ.

ಕಾಲೇಜು ದಿನಗಳಲ್ಲಿ ಈ ಚಿತ್ರ ನೋಡಿದಾಗ ನನ್ನ ಕಣ್ಣೆಲ್ಲ ಮ್ಯಾಕ್ ಮೇಲೆಯೇ ಇತ್ತು. ಸೂಟು ತೊಟ್ಟು, ಬ್ರೀಫ್‌ಕೇಸ್ ಹಿಡಿದು ಮರಳಿನ ಮೇಲೆ ನಡೆಯುವ ಪೇಟೆಯವನು. ದಾರಿಯಲ್ಲಿ ಮಂಜಿನ ನಡುವೆ ಅವನ ಕಾರಿಗೆ ಒಂದು ಮೊಲ ಸಿಕ್ಕಿ ಪೆಟ್ಟು ತಿನ್ನುತ್ತದೆ. ಅದನ್ನು ಎತ್ತಿಕೊಂಡು ಬಂದು ಹೋಟೆಲಿನ ಕೋಣೆಯಲ್ಲಿ ಆರೈಕೆ ಮಾಡುತ್ತಾನೆ. ಒಂದು ರಾತ್ರಿ ಊಟಕ್ಕೆ ಬಂದ ಮಾಂಸದ ಅಡುಗೆಯನ್ನು ಚಪ್ಪರಿಸಿ ತಿಂದ ಮೇಲೆ ಅದು ಯಾವ ಮೊಲ ಎಂದು ಗೊತ್ತಾಗುತ್ತದೆ. ಪೆಟ್ಟಾದ ಆ ಮೊಲ ಹೋಟೆಲಿನವನಿಗೆ ಅಡುಗೆಯ ಮೊಲವಷ್ಟೇ. ಅವನ ಮಟ್ಟಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ಮತ್ತೆ ನೋಡಿದಾಗಲೂ ನಕ್ಕೆ, ಆದರೆ ಈ ಸಲ ಹೋಟೆಲಿನವನ ಮುಖ ನೋಡುತ್ತಿದ್ದೆ.

ಇಂಥ ಚಿತ್ರಗಳು ಎಲ್ಲ ಭಾಷೆಗಳಲ್ಲೂ ಇವೆ. ನಮ್ಮಲ್ಲಿ 1969ರ ‘ಮೇಯರ್ ಮುತ್ತಣ್ಣ’ದಲ್ಲಿ ಹಳ್ಳಿಯಿಂದ ನಗರಕ್ಕೆ ಬಂದ ರಾಜ್‌ಕುಮಾರ್ ಮೇಯರ್ ಆಗುತ್ತಾರೆ. ಹೊರಗಿನವನೊಬ್ಬ ಗೊತ್ತಿಲ್ಲದ ಜಾಗಕ್ಕೆ ಬಂದು ತಬ್ಬಿಬ್ಬಾಗುವ ಕಥೆಯಲ್ಲಿ ಸಾಮಾನ್ಯವಾಗಿ ಯಾರಾದರೊಬ್ಬರು ದಡ್ಡರಾಗಬೇಕಾಗುತ್ತದೆ. ಒಂದೋ ಬಂದವನು ಬೆಪ್ಪ, ಇಲ್ಲವೇ ಊರವರು ಮುಗ್ಧರು. ಫೋರ್ಸಿತ್ ಇಬ್ಬರನ್ನೂ ಹಾಗೆ ಮಾಡಲಿಲ್ಲ. ಮ್ಯಾಕ್ ತನ್ನ ಕೆಲಸದಲ್ಲಿ ಗಟ್ಟಿಗ. ಊರವರು ಅವನಿಗಿಂತ ಗಟ್ಟಿಗರು. ಹೋಟೆಲ್ ನಡೆಸುವ ಗೋರ್ಡನ್ ಅರ್ಕಾರ್ಟನೇ ಆ ಊರಿನ ಅಕೌಂಟೆಂಟ್ ಕೂಡ. ಹಿಂದಿನ ರಾತ್ರಿ ಊಟ ಬಡಿಸಿದವನೇ ಬೆಳಿಗ್ಗೆ ಮೇಜಿನ ಆ ಕಡೆ ಕುಳಿತು ಊರಿನ ಪರವಾಗಿ ಬೆಲೆ ಮಾತಾಡುತ್ತಾನೆ. ಊರವರೆಲ್ಲ ಚರ್ಚಿನಲ್ಲಿ ಗುಟ್ಟಾಗಿ ಸೇರಿ, ಎಷ್ಟು ಕೋಟಿ ಸಿಕ್ಕೀತು ಎಂದು ಕಾತರದಿಂದ ಚರ್ಚಿಸುತ್ತಾರೆ. ಹೊರಗೆ ಅಡ್ಡಾಡುತ್ತಿರುವ ಮ್ಯಾಕ್ ಬೆನ್ನು ತಿರುಗಿಸಿದ್ದೇ ತಡ, ಅವನ ಹಿಂದೆ ಸದ್ದಿಲ್ಲದೆ ಸಾಲುಸಾಲಾಗಿ ಹೊರಬೀಳುತ್ತಾರೆ. ಮಾರಲು ಅವರು ತುದಿಗಾಲಲ್ಲಿ ನಿಂತಿದ್ದಾರೆ, ಆದರೆ ಅದು ಅವನಿಗೆ ಗೊತ್ತಾಗಬಾರದು, ಗೊತ್ತಾದರೆ ಬೆಲೆ ಇಳಿದೀತು.

ಇದು ಬರಿಯ ಕಲ್ಪನೆಯಲ್ಲ. 1970ರಲ್ಲಿ ಉತ್ತರ ಸಮುದ್ರದಲ್ಲಿ ಫೋರ್ಟೀಸ್ ತೈಲ ನಿಕ್ಷೇಪ ಸಿಕ್ಕ ಮೇಲೆ ಸ್ಕಾಟ್ಲೆಂಡಿನ ಪೂರ್ವ ದಂಡೆಯ ಚಹರೆಯೇ ಬದಲಾಯಿತು. ಇನ್ನೂ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಸ್ಥಳೀಯ ಆಡಳಿತ ಸುಮ್ಮನೆ ತಲೆಬಾಗಲಿಲ್ಲ. 1974ರಲ್ಲಿ ಪಾರ್ಲಿಮೆಂಟಿನಿಂದ ತನಗೆ ಬೇಕಾದ ಕಾಯ್ದೆ ಮಾಡಿಸಿಕೊಂಡು, ತೈಲ ಕಂಪನಿಗಳ ಜೊತೆ ಜಗ್ಗಾಡಿ ಹಣ ಪಡೆದು, ದ್ವೀಪದ ಜನರಿಗಾಗಿ ನಿಧಿ ಕಟ್ಟಿತು. ಮೀನುಗಾರರು, ಕುರಿ ಸಾಕುವವರು ಕಂಪನಿಗಳ ಎದುರು ಕೂತು ತಮ್ಮ ಲಾಭ ನೋಡಿಕೊಂಡ ಕಾಲ ಅದು. ಫೋರ್ಸಿತ್ ತನ್ನ ಊರವರಿಗೆ ಕೊಟ್ಟದ್ದು ಆ ವ್ಯವಹಾರ ಜ್ಞಾನವನ್ನು.

ಹಳ್ಳಿ ಎಂದರೆ ನೆಮ್ಮದಿ, ಮಣ್ಣನ್ನು ಯಾರೂ ಮಾರಬಾರದು ಎಂದು ಭಾವುಕರಾಗಿ ಹೇಳುವವರು ಹೆಚ್ಚಾಗಿ ಅಲ್ಲಿ ಬಾಳದವರೇ. ಚಿತ್ರ ಮುಗಿದ ಮೇಲೆ ನನಗೆ ನೆನಪಾದದ್ದು ತೀರ್ಥಹಳ್ಳಿ ಕಡೆ ಅಡಿಕೆ ತೋಟ ನೋಡಿಕೊಂಡಿರುವ ದೊಡ್ಡಪ್ಪನ ಮಗ. ತೋಟ ಕೊಡುವ ಯೋಚನೆ ಬಂದಾಗ ಬೆಂಗಳೂರಿನಲ್ಲಿರುವ ನಾವೆಲ್ಲ ಬೇಡ ಎಂದಿದ್ದೆವು. ಅವನು ಕೋಪವಿಲ್ಲದೆ ಹೇಳಿದ: “ನಿಂಗೇನಪ್ಪ, ಹಬ್ಬಕ್ಕೆ ಬಂದು ಕಡುಬು ತಿಂದು ಹೋಗ್ತೀಯ. ಆಷಾಢದ ಮಳೇಲಿ ಕೊಳೆ ಔಷಧಿ ಹೊಡಿಯಕ್ಕೆ ಜನ ಸಿಗದೆ ಊರೆಲ್ಲ ಸುತ್ತೋನು ನಾನು.” ಆ ಮಾತಿನ ತೂಕ ಫೋರ್ಸಿತ್‌ಗೆ ಗೊತ್ತಿತ್ತು. ಅವನ ಚಿತ್ರದಲ್ಲಿ ಊರಿನ ಚೆಲುವಿಗೆ ಮರುಳಾಗುವವನು ಮ್ಯಾಕ್ ಒಬ್ಬನೇ.

ಆ ಮರುಳು ಹತ್ತುವ ಬಗೆಯನ್ನು ತೋರಿಸಿರುವುದರಲ್ಲೇ ಚಿತ್ರದ ಜೀವವಿದೆ. ಮೊದಲಲ್ಲಿ ಮ್ಯಾಕ್ ಈ ಪ್ರಯಾಣವೇ ಬೇಡ, ಟೆಲೆಕ್ಸ್ ಕಳಿಸಿ ಮುಗಿಸಬಹುದಿತ್ತು ಎನ್ನುವವನು. ಮುಂದೆ ಅವನ ಕೊರಳ ಟೈ ಕಳಚುತ್ತದೆ, ಗಡ್ಡ ಬೆಳೆಯುತ್ತದೆ. ದಂಡೆಯಲ್ಲಿ ಚಿಪ್ಪು ಆರಿಸಲು ಕೈಗಡಿಯಾರ ಬಿಚ್ಚಿ ಬಂಡೆಯ ಮೇಲಿಟ್ಟು ಮರೆಯುತ್ತಾನೆ. ಭರತ ಬಂದು ಅದನ್ನು ಮುಳುಗಿಸುತ್ತದೆ, ಹ್ಯೂಸ್ಟನ್‌ನ ಮೀಟಿಂಗಿಗೆಂದು ಇಟ್ಟ ಅಲಾರಂ ನೀರಿನಡಿಯಲ್ಲಿ ಬಡಿದುಕೊಳ್ಳುತ್ತದೆ. ಕಂಪನಿಯ ಯಜಮಾನ ಹ್ಯಾಪರ್‌ಗೆ (ಬರ್ಟ್ ಲಂಕಾಸ್ಟರ್ ಅದ್ಭುತವಾಗಿ ನಟಿಸಿದ್ದಾರೆ) ತೈಲಕ್ಕಿಂತ ನಕ್ಷತ್ರಗಳ ಹುಚ್ಚು. ಆಕಾಶ ನೋಡಿ ವರದಿ ಕೊಡು ಎಂದು ಅವನ ಅಪ್ಪಣೆ. ಒಂದು ರಾತ್ರಿ ಧ್ರುವಪ್ರಭೆ ಬಾನೆಲ್ಲ ಹರಡಿದಾಗ ಮ್ಯಾಕ್ ಬಂದರಿನ ಕೆಂಪು ಫೋನ್ ಪೆಟ್ಟಿಗೆಗೆ ಓಡುತ್ತಾನೆ. ಟೆಲೆಕ್ಸ್ ಸಾಕೆಂದವನು ಈಗ ಕಾಣುತ್ತಿರುವ ಬಣ್ಣಗಳನ್ನು ಹೇಳಲಾರದೆ ಹೇಳುತ್ತ ಅರಚುತ್ತಾನೆ. ಪೀಟರ್ ರೀಗರ್ಟ್ ಅಲ್ಲಿ ಕೊಟ್ಟ ಅಭಿನಯ ನನಗೆ ಆಗ ತಮಾಷೆಯಾಗಿ ಕಂಡಿತ್ತು. ಈಗ ಗಂಟಲು ಕಟ್ಟಿತು.

ಆಮೇಲೆ ಅವನು ಕುಡಿದ ಮತ್ತಿನಲ್ಲಿ ಗೋರ್ಡನ್‌ನ ಮುಂದೆ ಒಂದು ಪ್ರಸ್ತಾಪ ಇಡುತ್ತಾನೆ. ನನ್ನ ಕಾರು, ನೌಕರಿ, ಮನೆ ಎಲ್ಲ ನಿನಗೆ, ನಿನ್ನ ಹೋಟೆಲು, ನಿನ್ನ ಬದುಕು ನನಗೆ. ಬಾಳನ್ನೇ ಅದಲುಬದಲು ಮಾಡಿಕೊಳ್ಳುವ ಮಾತು. ಗೋರ್ಡನ್ ನಗುತ್ತ ಒಪ್ಪಿಬಿಡುತ್ತಾನೆ! ಒಪ್ಪಿದ್ದು ಬೆಳಗಾಗುವವರೆಗೆ ಎಂದು ಇಬ್ಬರಿಗೂ ಗೊತ್ತು.

ಊರೆಲ್ಲ ಒಪ್ಪಿದರೂ ಒಪ್ಪದವನು ದಂಡೆಯ ಗುಡಿಸಲಿನ ಮುದುಕ ಬೆನ್. ಮರಳ ದಂಡೆ ತಲೆಮಾರುಗಳಿಂದ ಅವನದು. ಅವನೊಮ್ಮೆ ಮುಷ್ಟಿ ತುಂಬ ಮರಳು ಹಿಡಿದು, ಕಾಳಿಗೊಂದು ಪೌಂಡು ಕೊಡುತ್ತೀಯಾ ಎಂದು ಕೇಳುತ್ತಾನೆ. ಮ್ಯಾಕ್ ಹೆದರಿ ಹಿಂಜರಿಯುತ್ತಾನೆ. ಕೈಯಲ್ಲಿದ್ದದ್ದು ಬಹಳವೆಂದರೆ ಹತ್ತು ಸಾವಿರ ಕಾಳು, ಅಗ್ಗದಲ್ಲಿ ಸಿಗುತ್ತಿದ್ದದ್ದು ಕೈತಪ್ಪಿತು ಎಂದು ಮುದುಕ ವಿವರಿಸುತ್ತಾನೆ. ಹ್ಯಾಪರ್ ಹೆಲಿಕಾಪ್ಟರಿನಲ್ಲಿ ಬಂದಿಳಿದು ಬೆನ್ ಜೊತೆ ಮಾತಿಗೆ ಕೂತ ಮೇಲೆ ಕಥೆಯೇ ತಿರುಗುತ್ತದೆ. ಇಲ್ಲಿ ರಿಫೈನರಿ ಬೇಡ, ವೀಕ್ಷಣಾಲಯ ಆಗಲಿ ಎನ್ನುತ್ತಾನೆ. ಮ್ಯಾಕ್ ವಾಪಸ್ ಹ್ಯೂಸ್ಟನ್‌ಗೆ. ಸ್ಟುಡಿಯೋದವರಿಗೆ ಅವನು ಅಲ್ಲೇ ಉಳಿಯುವ ಮುಕ್ತಾಯ ಬೇಕಿತ್ತಂತೆ. ಫೋರ್ಸಿತ್ ಒಪ್ಪದಿದ್ದದ್ದು ನಮ್ಮ ಪುಣ್ಯ.

ಚಿತ್ರದ ಊರು ಒಂದೇ ಕಡೆ ಇರುವಂಥದ್ದಲ್ಲ. ಮನೆಗಳ ಸಾಲು ಪೂರ್ವ ದಂಡೆಯ ಪೆನ್ನನ್, ಮರಳು ಪಶ್ಚಿಮ ದಂಡೆಯ ಕ್ಯಾಮಸ್ಡಾರಕ್. ನಡುವೆ ಇಡೀ ನಾಡಿನ ಅಗಲ. ಆದರೂ ಪೆನ್ನನ್‌ಗೆ ಜನ ಫೋನ್ ಪೆಟ್ಟಿಗೆ ನೋಡಲೆಂದೇ ಬರುತ್ತಾರೆ. ಚಿತ್ರದಲ್ಲಿದ್ದದ್ದು ನಕಲಿ. ಹತ್ತಿರದಲ್ಲಿರುವ ನಿಜವಾದದ್ದಕ್ಕೆ 1989ರಲ್ಲಿ ಸಂರಕ್ಷಿತ ಪಟ್ಟಿಯಲ್ಲಿ ಜಾಗ ಸಿಕ್ಕಿತು.

ಪೆನ್ನನ್ ಇರುವ ಅಬರ್ಡೀನ್‌ಷೈರಿನದೇ ಇನ್ನೊಂದು ದಂಡೆಯಲ್ಲಿ, ಮೆನೀ ಎಂಬಲ್ಲಿ, ಡೊನಾಲ್ಡ್ ಟ್ರಂಪ್ ಮರಳ ದಿಬ್ಬಗಳ ಮೇಲೆ ಗಾಲ್ಫ್ ಮೈದಾನ ಮಾಡಿಸಿದರು. ಜಾಗ ಕೊಡದೆ ನಿಂತವರ ಬಗ್ಗೆ ಬಂದ ಸಾಕ್ಷ್ಯಚಿತ್ರದಲ್ಲಿ (2011) ‘ಲೋಕಲ್ ಹೀರೋ’ದ ತುಣುಕುಗಳಿವೆ. ಅಲ್ಲಿ ಯಾವ ಹ್ಯಾಪರನೂ ಮನಸ್ಸು ಬದಲಿಸಲಿಲ್ಲ. 2012ರಲ್ಲಿ ಮೈದಾನ ತೆರೆಯಿತು.

ಅದಕ್ಕೇ ಇಷ್ಟು ಪ್ರೀತಿಯ ಈ ಚಿತ್ರದ ಮೇಲೂ ನನಗೊಂದು ತಕರಾರಿದೆ. ರಿಫೈನರಿ ಕೈಬಿಟ್ಟ ಮೇಲೆ, ಕೋಟಿಗಳ ಕನಸು ಕಂಡಿದ್ದ ಮೀನುಗಾರರಿಗೆ, ಹೋಟೆಲಿನವನಿಗೆ ಏನು ಸಿಕ್ಕಿತು ಎಂದು ಫೋರ್ಸಿತ್ ಹೇಳುವುದಿಲ್ಲ. ಅವರ ಆಸೆಯನ್ನು ಅಷ್ಟು ಗೌರವದಿಂದ ತೋರಿಸಿ, ಕೊನೆಗೆ ಇಬ್ಬರು ಮುದುಕರ ಮಾತುಕತೆಯಲ್ಲಿ ಎಲ್ಲ ತೀರ್ಮಾನವಾಗಿಬಿಡುತ್ತದೆ. ಮ್ಯಾಕ್‌ನ ದುಃಖಕ್ಕೆ ಕೊಟ್ಟ ಸಮಯದಲ್ಲಿ ಅರ್ಧವನ್ನಾದರೂ ಆ ಬೆಳಿಗ್ಗೆ ಗೋರ್ಡನ್ ಊರವರಿಗೆ ಏನೆಂದು ಹೇಳಿದ ಎಂಬುದಕ್ಕೆ ಕೊಡಬೇಕಿತ್ತು.